ಕೆನೆ ಒಡೆಯದ ಓಟ

ಸೆಪ್ಟೆಂಬರ್ 3, ಬುಧವಾರ

ಹತ್ತು ಕಿಲೋಮೀಟರು: ಐವತ್ತನಾಲ್ಕು ನಿಮಿಷ, ಹನ್ನೆರಡು ಸೆಕೆಂಡು.

ಈ ಅವಮಾನವನ್ನು ಬರೆದಿಡಲು, ಯಾವನೋ ವಿದ್ಯಾರ್ಥಿ ಪ್ರಯೋಗಶಾಲೆಯಲ್ಲಿ ಬಿಟ್ಟುಹೋದ ಜರ್ನಲ್ ಪುಸ್ತಕ ತಂದಿದ್ದೇನೆ. ಬಲಪುಟಕ್ಕೆ ಗೆರೆ, ಎಡಪುಟ ಬಿಳಿ. ಬಲಕ್ಕೆ ಓಟ ಬರೆಯುವುದು, ಎಡಕ್ಕೆ ಕಾರಣ. ಎಡಪುಟಗಳೇ ಮೊದಲು ತುಂಬುವ ಲಕ್ಷಣ ಕಾಣುತ್ತಿದೆ.

ಕಳೆದ ಡಿಸೆಂಬರಿನಲ್ಲಿ ವಾರಕ್ಕೆ ಮೂವತ್ತು ಕಿಲೋಮೀಟರು ಓಡುತ್ತಿದ್ದೆ. ಊರಿನ ಓಟದಲ್ಲಿ ಹತ್ತು ಕಿಲೋಮೀಟರನ್ನು 49:20ಕ್ಕೆ ಮುಗಿಸಿದೆ. ಜೂನಿನಿಂದ ವಾರಕ್ಕೆ ಎಪ್ಪತ್ತು ಓಡುತ್ತಿದ್ದೇನೆ. ನಲವತ್ತೆಂಟು ವರ್ಷದ ರಸಾಯನಶಾಸ್ತ್ರದ ಪ್ರಾಧ್ಯಾಪಕನಿಗೆ ಇಷ್ಟು ತರ್ಕ ಸಾಕು: ಉಪ್ಪು ಹೆಚ್ಚು ಹಾಕಿದರೆ ನೀರು ಹೆಚ್ಚು ಉಪ್ಪಾಗುತ್ತದೆ. ಆದರೆ ನನ್ನ ಕಾಲುಗಳು ವಿಜ್ಞಾನ ಓದಿಲ್ಲ. ರಸಾಯನದಲ್ಲಿ ರಸ ಹೋಗಿ ಬರೀ ಆಯಾಸ ಉಳಿದಿದೆ.

ಸ್ಟೇಡಿಯಮ್ಮಿನಲ್ಲಿ ವಾಚು ಹಿಡಿದು ನಿಂತವನು ಅಯೂಬ. ಸೊಲ್ಲಾಪುರ ರಸ್ತೆಯಲ್ಲಿ ಅವನ ಟೈರಿನ ಅಂಗಡಿ. ಕಾಲೇಜಿನ ದಿನಗಳಲ್ಲಿ ರಿಲೇ ಓಟದಲ್ಲಿ ಅವನ ಕೈಯ ಕೋಲು ನನ್ನ ಕೈಗೆ ಬರುತ್ತಿತ್ತು. ಆ ಚಟ ಇನ್ನೂ ಹೋಗಿಲ್ಲ. ಯಾರು ಏನು ಚಾಚಿದರೂ ನನ್ನ ಕೈ ಕೇಳದೆ ತೆಗೆದುಕೊಳ್ಳುತ್ತದೆ. ಮನೆಯಲ್ಲಿ ಕಲ್ಯಾಣ ಮಂಟಪಗಳ ಕರಪತ್ರಗಳು ರಾಶಿ ಬಿದ್ದಿವೆ. ಸುಶೀಲೇಂದ್ರ ಎಂಬ ನನ್ನ ಉದ್ದನೆಯ ಹೆಸರನ್ನು ‘ಸುಶ್ಯಾ’ ಎಂದು ಕತ್ತರಿಸಿದವನೂ ಅವನೇ, ಭಾರ ಕಡಿಮೆಯಾದರೆ ವೇಗ ಹೆಚ್ಚಾದೀತೆಂದು.

“ಕಿಲೋಮೀಟರ್ ಗಳಿಸಿದಿ, ಕಿಮ್ಮತ್ತು ಕಳಕೊಂಡಿ ಲೇ ಸುಶ್ಯಾ,” ಎಂದ. “ಭಾನುವಾರದ ಉದ್ದನ ಓಟ ಆಕಳ ಸಂಜಿಮುಂದ ಮನಿಗಿ ಬಂದಂಗ ಇರಬೇಕು. ಬುಧವಾರದ್ದು ಹೋರಿ ಹಗ್ಗಾ ಹರಕೊಂಡಂಗ ಇರಬೇಕು. ನೀ ಎರಡೂ ದಿನ ಎಮ್ಮಿ ಆಗಾಕತ್ತಿ. ಭಾನುವಾರ ಸಾವಕಾಶ ಓಡಲೇ, ಬುಧವಾರ ತಾನ ಜೋರ ಬರತೈತಿ.”

ಸಾವಕಾಶ! ಅವನಿಗೇನು, ಅವನಿಗೆ ವಿದ್ಯಾರ್ಥಿಗಳಿಲ್ಲ. ಟಿಕೋಟಾ ರಸ್ತೆಯಲ್ಲಿ ನಾನು ಸಾವಕಾಶ ಓಡಿದರೆ ಬೈಕಿನ ಮೇಲೆ ಬರುವ ಬಿ.ಎಸ್ಸಿ. ಎರಡನೇ ವರ್ಷ ಪೂರ್ತಿ ನನ್ನನ್ನು ಎತ್ತಿ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ಯುತ್ತದೆ.

ರಾತ್ರಿ ಊಟಕ್ಕೆ ಕುಳಿತಾಗ ಸ್ನೇಹಲ ತೀರ್ಪು ಕೊಟ್ಟಳು. ಅವಳು ಪೋಸ್ಟ್ ಆಫೀಸಿನಲ್ಲಿ ಕೌಂಟರಿನ ಹಿಂದೆ ಕೂರುವವಳು. ಠಸ್ಸೆ ಒತ್ತಿದ ಮೇಲೆ ಮೇಲ್ಮನವಿ ಇಲ್ಲ.

“ಅಹೋ, ನನಗ ಸೂಟಿ ಇರೂದು ಭಾನುವಾರ ಒಂದ. ಅವತ್ತ ನೀವು ಮುಂಜಾನೆ ರಸ್ತಾದ ಮ್ಯಾಲೆ, ಮಧ್ಯಾಹ್ನ ಸೋಫಾದ ಮ್ಯಾಲೆ. ಬಾಯಿ ತಕ್ಕೊಂಡು ಮಲಗಿದವರ ಜೋಡಿ ನಾ ಏನ ಮಾತಾಡ್ಲಿ? ಇಷ್ಟ ಮಾಡಿ ಜೋರರೆ ಆಗೀರೇನು?”

ಆಗಿಲ್ಲ ಎಂಬುದನ್ನು ಜರ್ನಲ್ಲೇ ಸಾರುತ್ತಿತ್ತು.

“ಡಿಸೆಂಬರ್ ಹದಿನಾಲ್ಕಕ್ಕ ಊರಿನ ಓಟ ಅದ ಅಲ್ಲ? ಐವತ್ತು ನಿಮಿಷದ ಒಳಗ ಬಂದ್ರ ಜೀವಮಾನಪೂರ್ತಿ ಓಡ್ರಿ, ಕೇಳೂದಿಲ್ಲ. ಒಂದು ಸೆಕೆಂಡು ಹೆಚ್ಚಾತೋ, ಭಾನುವಾರ ನಂದು.”

ಒಪ್ಪಿದೆ. ಭಾನುವಾರವಿಲ್ಲದ ಓಟಗಾರನೆಂದರೆ ಪಲ್ಯವಿಲ್ಲದ ರೊಟ್ಟಿ, ನುಂಗಬಹುದು, ಇಳಿಯುವುದಿಲ್ಲ.

ಕಾರಣ: ಸೆಕೆ.

ಸೆಪ್ಟೆಂಬರ್ 7, ಭಾನುವಾರ

ಮನೆಯಿಂದ ಟಿಕೋಟಾ, ಇಪ್ಪತ್ತು ಕಿಲೋಮೀಟರು. ಹೋಗುವಾಗ ಕಾಲು, ಬರುವಾಗ ಬಸ್ಸು. ಕಿಲೋಮೀಟರಿಗೆ ಐದು ನಿಮಿಷ ಐವತ್ತು ಸೆಕೆಂಡು. ಬಿ.ಎಸ್ಸಿ. ಎರಡನೇ ವರ್ಷದ ಮೂವರು ಬೈಕು ನಿಧಾನಿಸಿದರು. ನಾನು ಜೋರು ಮಾಡಿದೆ. ಅವರು ಸೋತರು ಎಂದು ಬರೆಯಲಾರೆ, ನನ್ನನ್ನು ಮಾತಾಡಿಸುವ ಅವಕಾಶವಂತೂ ಅವರಿಗೆ ಸಿಗಲಿಲ್ಲ.

ದಾರಿಯಲ್ಲಿ ಬುಟ್ಟಿಗಳಲ್ಲಿ ಬದನೆಕಾಯಿ ಕಟ್ಟಿಕೊಂಡು ಎದುರಿಗೆ ಬಂದ ಬೈಕಿನ ಹಿರಿಯರೊಬ್ಬರು ಗಾಡಿ ತಿರುಗಿಸಿ ನನ್ನ ಪಕ್ಕದಲ್ಲೇ ಹೊರಟರು. ಮಶಾಕಸಾಬ ಎಂದು ಹೆಸರು. ದಿನಾ ಗಾಂಧಿ ಚೌಕಕ್ಕೆ ಕಾಯಿಪಲ್ಲೆ ಒಯ್ಯುತ್ತಾರಂತೆ.

“ಯಾಕ್ರಿ ಸಾಹೇಬ್ರ, ಬಸ್ಸು ತಪ್ಪಿತೇನ್ರಿ?”

“ಇಲ್ರಿ.”

“ಯಾರರ ತೀರಿಕೊಂಡಾರೇನ್ರಿ?”

“ಇಲ್ರಿ, ಓಡಾಕತ್ತೇನ್ರಿ.”

“ಅದು ಕಾಣಾಕತ್ತೈತಿ ಬಿಡ್ರಿ. ಯಾಕ?”

ಆ ‘ಯಾಕ’ಕ್ಕೆ ಇಪ್ಪತ್ತು ಕಿಲೋಮೀಟರಿನಲ್ಲಿ ಉತ್ತರ ಹೊಳೆಯಲಿಲ್ಲ. ಪಿಎಚ್.ಡಿ. ಮೌಖಿಕ ಪರೀಕ್ಷೆಯಲ್ಲೂ ಇಷ್ಟು ಬೆವರಿರಲಿಲ್ಲ.

ಟಿಕೋಟಾ ಮುಟ್ಟಿ ಒಂದು ಮನೆಯ ಕಟ್ಟೆಯ ಮೇಲೆ ಬಿದ್ದುಕೊಂಡೆ. ಕುಳಿತೆ ಎಂದು ಬರೆಯಬಹುದು, ಆದರೆ ಇದು ಪ್ರಾಮಾಣಿಕ ಜರ್ನಲ್ಲು. ಒಳಗಿಂದ ತಂಬಿಗೆ ನೀರು ಹಿಡಿದು ಬಂದವರು ಭಾಗೀರಥೀಬಾಯಿ, ಕನ್ನಡ ಸಾಲಿಯ ನಿವೃತ್ತ ಶಿಕ್ಷಕಿ. ಊರಿಗೆಲ್ಲ ‘ಅಕ್ಕೋರು’. ಎಪ್ಪತ್ತು ದಾಟಿದೆ, ಮೊಣಕಾಲು ಸರಿಯಿಲ್ಲ, ದನಿ ಮಾತ್ರ ಇನ್ನೂ ಹಿಂದಿನ ಬೆಂಚಿಗೆ ಕೇಳುವಂಥದ್ದು. ನಾನು ಕಾಲೇಜಿನಲ್ಲಿ ಕಲಿಸುತ್ತೇನೆಂದು ತಿಳಿದು, “ಹಂಗಾದ್ರ ನೀವು ನಮ್ಮ ಜಾತಿಯವರ, ಬೋರ್ಡಿನ ಖಡು ತಿಂದವರು,” ಎಂದರು. ಹೊರಡುವಾಗ ಹಿಡಿಕೆಯಿರುವ ಒಂದು ಸ್ಟೀಲಿನ ಡಬ್ಬಿ ಚಾಚಿದರು. ನನ್ನ ಕೈ ತೆಗೆದುಕೊಂಡುಬಿಟ್ಟಿತು. ಒಳಗೆ ಎಂಟು ಶೇಂಗಾ ಹೋಳಿಗೆ.

ಮನೆಗೆ ಬಂದು ಸೋಫಾದ ಮೇಲೆ ಮಲಗಿದವನಿಗೆ ಎಚ್ಚರವಾದದ್ದು ಸಂಜೆ ಐದಕ್ಕೆ. ಸ್ನೇಹಲ ಒಬ್ಬಳೇ ಕುಳಿತು ಹೋಳಿಗೆ ತಿನ್ನುತ್ತಿದ್ದಳು.

ಸೆಪ್ಟೆಂಬರ್ 8, ಸೋಮವಾರ

ತೊಡೆನೋವಿಗೆ ಕಾಲೇಜಿನ ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿದೆ. ಎದುರಿಗೆ ಬಂದ ಪ್ರಾಚಾರ್ಯರು, ಬೆನ್ನು ತೋರಿಸಿದೆನೆಂದು ಸಿಟ್ಟಾಗಿದ್ದಾರೆ.

ಸೆಪ್ಟೆಂಬರ್ 10, ಬುಧವಾರ

ಒಂದೊಂದು ಕಿಲೋಮೀಟರಿನ ಐದು ಜೋರು ಓಟಗಳು. ಒಂದೊಂದಕ್ಕೂ 5:20. ಕಳೆದ ವರ್ಷ ಇದನ್ನೇ 4:45ಕ್ಕೆ ಓಡುತ್ತಿದ್ದೆ. ಅಯೂಬ ವಾಚನ್ನು ಕಿವಿಗೆ ಹಿಡಿದು, ನಡೆಯುತ್ತಿದೆಯೋ ನಿಂತಿದೆಯೋ ನೋಡಿದ. ಅದು ಡಿಜಿಟಲ್ ವಾಚು.

ಕಾರಣ: ಹಳೆಯ ಬೂಟು.

ಸೆಪ್ಟೆಂಬರ್ 13, ಶನಿವಾರ

ಅಕ್ಕೋರ ಡಬ್ಬಿಯನ್ನು ಸ್ನೇಹಲ ತೊಳೆದು ಒಣಗಿಸಿ ಇಟ್ಟಿದ್ದಾಳೆ. ಡಬ್ಬಿಯ ಮೈಮೇಲೆ ‘ಭಾ’ ಎಂದು ಕೊರೆದಿದೆ, ಮುಚ್ಚಳದ ಮೇಲೆ ‘ನೂ’. ಎಂಥ ಸಂಬಂಧವೋ. ನಾಳೆ ಹೋಗುವಾಗ ಹಿಂದಿರುಗಿಸಿಬಿಡುತ್ತೇನೆ ಎಂದು ಕೈಗೆತ್ತಿಕೊಂಡೆ.

“ಖಾಲಿ ಡಬ್ಬಿನ?” ಎಂದಳು ಸ್ನೇಹಲ. ಹಾಗೆ ಅವಳು ಗಾಬರಿಯಾದದ್ದನ್ನು, ಮನೆಗೆ ಹಾವು ಬಂದಾಗಲೂ ನಾನು ಕಂಡಿರಲಿಲ್ಲ. “ಮಂದಿ ಡಬ್ಬಿ ಖಾಲಿ ಕಳಸ್ತಾರೇನ್ರಿ? ನಮ್ಮ ಮನಿಯೊಳಗ ಏನೂ ಇಲ್ಲ ಅಂತ ತಿಳೀಬೇಕೇನು ಅವರು?”

ಚಕ್ಕಲಿ ತುಂಬಿದಳು. ಮೇಲೆ ಒಂದು ಚೀಟಿ. ಅಕ್ಕೋರ ಫೋನ್ ನಂಬರ್ ಇದೆ, ಫೋನ್ ಮಾಡಬಹುದಲ್ಲ ಎಂದರೆ, “ನಾ ಪೋಸ್ಟಿನಾಕಿ,” ಎಂದಳು. ಅಂಚೆಚೀಟಿ ಹಚ್ಚದೆ ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ಗಂಡನನ್ನು ಪಾರ್ಸಲ್ ಮಾಡುತ್ತಿದ್ದಾಳೆ.

ಸೆಪ್ಟೆಂಬರ್ 14, ಭಾನುವಾರ

ಟಿಕೋಟಾ. ಬೆನ್ನಿನ ಚೀಲದಲ್ಲಿ ಡಬ್ಬಿ. ಕಿಲೋಮೀಟರಿಗೆ 5:55.

ಅಕ್ಕೋರು ಮುಚ್ಚಳ ತೆಗೆದು, “ಚೂಡಾ ಚಂದ ಆಗ್ಯಾದ,” ಎಂದರು. ಹಾಗೆ ಪುಡಿಯಾದದ್ದು ಚಕ್ಕಲಿ ಎಂದು ಹೇಳುವ ಧೈರ್ಯವಾಗಲಿಲ್ಲ. ಆದರೆ ಚೀಟಿಯಲ್ಲಿ ‘ಚಕ್ಕಲಿ’ ಎಂದೇ ಬರೆದಿತ್ತು. ಅದರ ಹಿಂದೆಯೇ ಕೆಂಪು ಶಾಯಿಯಲ್ಲಿ ಉತ್ತರ ಬಂತು: “ರುಚಿ 10ಕ್ಕೆ 9. ಆಕಾರ 0. ತಪ್ಪು ಮಾಡಿದವರದಲ್ಲ, ತಂದವರದು.” ವಾಪಸು ಬಂದ ಡಬ್ಬಿಯ ತುಂಬ ಗೋಧಿ, ಬೆಲ್ಲದ ಮಾದಲಿ.

ಸ್ನೇಹಲ ಆ ಚೀಟಿಯನ್ನು ಎರಡು ಸಲ ಓದಿದಳು. ನಾನು ನಡುವೆ ನಿದ್ದೆ ಹೋದೆ.

ಸೆಪ್ಟೆಂಬರ್ 24, ಬುಧವಾರ

ಜೋರು ಓಟ: 5:22. ಎರಡು ಸೆಕೆಂಡು ಇನ್ನೂ ಹೋಯಿತು. ವಾರಕ್ಕೆ ಎಪ್ಪತ್ತನಾಲ್ಕು ಕಿಲೋಮೀಟರು ಓಡಿ ಪ್ರತಿ ವಾರ ನಿಧಾನವಾಗುವುದೂ ಒಂದು ಪ್ರತಿಭೆಯೇ. ಹೀಗೇ ಹೋದರೆ ಡಿಸೆಂಬರಿನ ಓಟವನ್ನು ಜನವರಿಯಲ್ಲಿ ಮುಗಿಸುತ್ತೇನೆ.

“ಭಾನುವಾರ ಸಾವಕಾಶ ಅಂದ್ರ ಸಾವಕಾಶ ಲೇ,” ಎಂದ ಅಯೂಬ, ಮೂವತ್ತನೆಯ ಸಲ.

ಕಾರಣ: ಗಾಳಿ. (ಸುತ್ತು ಓಡುವ ಟ್ರ್ಯಾಕಿನಲ್ಲಿ ಗಾಳಿ ಎಲ್ಲ ಕಡೆಯಿಂದಲೂ ಎದುರಿಗೇ ಬೀಸಿತು.)

ಸೆಪ್ಟೆಂಬರ್ 28, ಭಾನುವಾರ

ಈ ದಿನವನ್ನು ವಿವರವಾಗಿ ಬರೆಯಬೇಕು.

ಸ್ನೇಹಲಳಿಗೆ ತವರಿನಿಂದ ಬಂದದ್ದು ಒಂದು ಹೆಪ್ಪು. ಸೊಲ್ಲಾಪುರದ ಅವಳ ಅಜ್ಜಿಯ ಕಾಲದಿಂದ ದಿನ ತಪ್ಪದೆ ಬೆಳೆದುಬಂದ ಮೊಸರಂತೆ ಅದು. ಎರಡು ದಿನ ಊರಿಗೆ ಹೋದರೂ ಅದನ್ನು ಪಕ್ಕದ ಮನೆಯಲ್ಲಿ ಕೂಸಿನಂತೆ ಬಿಟ್ಟು ಹೋಗುತ್ತಾಳೆ. ಟಿಕೋಟಾದ ಹಾಲೆಲ್ಲ ಡೇರಿಗೆ ಹೋಗುತ್ತದೆ, ಗಟ್ಟಿ ಮೊಸರು ಕಾಣದೆ ವರ್ಷವಾಯಿತು ಎಂದು ಅಕ್ಕೋರು ಚೀಟಿ ಬರೆದಿದ್ದರು. ಸಾಕು. ನಿನ್ನೆ ಕೆನೆ ಸಮೇತ ಹಾಲಿಗೆ ಹೆಪ್ಪು ಹಾಕಿದವಳು, ಬೆಳಿಗ್ಗೆ ಮುಕ್ಕಾಲು ಡಬ್ಬಿ ತುಂಬಿಸಿ ನನ್ನ ಬೆನ್ನಿಗೆ ಏರಿಸಿದಳು. ಹಳ್ಳಿಗೆ ಮೊಸರು ಹೊತ್ತುಕೊಂಡು ಹೋದ ಮೊದಲ ಪಟ್ಟಣಿಗ ನಾನೇ ಇರಬೇಕು.

ಒಳ್ಳೆಯ ಓಟ. 5:48. ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕಿದೆ (ಡೀಸೆಲ್ ಮುಗಿದು ನಿಂತಿತ್ತು).

ಅಕ್ಕೋರು ಮುಚ್ಚಳ ತೆಗೆದರು. ಒಳಗೆ ನೋಡಿದರು. ನನ್ನನ್ನು ನೋಡಿದರು. ಮತ್ತೆ ಒಳಗೆ ನೋಡಿದರು.

“ಸರ, ನೀವು ಓಡಿ ಬಂದ್ರೋ, ಕಡಕೋತ ಬಂದ್ರೋ?”

ತೆಳ್ಳನೆಯ ಮಜ್ಜಿಗೆ. ಅದರ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆಯ ಮುದ್ದೆ ತೇಲುತ್ತಿತ್ತು. ಎರಡು ಗಂಟೆ ಕಾಲ ನನ್ನ ಬೆನ್ನೇ ಕಡೆಗೋಲಾಗಿತ್ತು. ರಸಾಯನಶಾಸ್ತ್ರದವನಿಗೆ ಇದು ಹೊಳೆಯಬೇಕಿತ್ತು. ಪಠ್ಯದಲ್ಲಿ ಇದೆ, ಪರೀಕ್ಷೆಗೆ ಬರುವುದಿಲ್ಲವೆಂದು ನಾನೇ ಬಿಟ್ಟುಬಿಡುವ ಅಧ್ಯಾಯ.

ಅಕ್ಕೋರು ಬೆಣ್ಣೆಯನ್ನು ರೊಟ್ಟಿಗೆ ಹಚ್ಚಿ ನನಗೇ ತಿನ್ನಿಸಿದರು. ಬದುಕಿನಲ್ಲಿ ಬಹಳ ಮಂದಿ ನನಗೆ ಬೆಣ್ಣೆ ಹಚ್ಚಿದ್ದಾರೆ, ನನ್ನದೇ ಬೆಣ್ಣೆ ಹಚ್ಚಿದವರು ಇವರೊಬ್ಬರೇ.

ಚೀಟಿ: “ಮಸರು 10ಕ್ಕೆ 10 ಇದ್ದಿರಬೇಕು. ತಂದವರು 10ಕ್ಕೆ 2. ಮುಂದಿನ ಸಲ ಕೆನಿ ಒಡೀಬಾರದು.”

ಸ್ನೇಹಲ ಓದಿ ನಗತೊಡಗಿದವಳು ಅಡಿಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು. ಹೀಗೆ ನಕ್ಕು ಎಷ್ಟು ವರ್ಷವಾಯಿತೋ. ನಾನೂ ನಗಬೇಕೆಂದಿದ್ದೆ, ಅಷ್ಟರಲ್ಲಿ ಕಣ್ಣು ಮುಚ್ಚಿತು.

ಅಕ್ಟೋಬರ್ 5, ಭಾನುವಾರ

ಮತ್ತೆ ಮೊಸರು. ಇದು ಈಗ ಅವಳ ಮಾನದ ಪ್ರಶ್ನೆ.

ಬೆನ್ನಿನ ಚೀಲ ಬೇಡವೆಂದು ಡಬ್ಬಿಯ ಹಿಡಿಕೆಯನ್ನು ಕೈಯಲ್ಲೇ ಹಿಡಿದೆ. ಕಿಲೋಮೀಟರಿಗೊಮ್ಮೆ ಕೈ ಬದಲು. ಸ್ವಲ್ಪ ಜೋರು ಮಾಡಿದರೂ ಒಳಗಿಂದ ‘ಡುಳುಕ್’ ಎನ್ನುತ್ತದೆ. ಡುಳುಕ್ ಎಂದರೆ ನಿಧಾನ, ಸುಮ್ಮನಿದ್ದರೆ ಸರಿ. ಮೆಲ್ಲನೆ, ಪಾದ ನೆಲಕ್ಕೆ ಗೊತ್ತಾಗದಂತೆ ಹೆಜ್ಜೆ ಇಟ್ಟೆ. ಕಿಲೋಮೀಟರಿಗೆ ಏಳು ನಿಮಿಷ ಇಪ್ಪತ್ತು ಸೆಕೆಂಡು! ಬರೆಯುವಾಗ ಪೆನ್ನಿಗೂ ನಾಚಿಕೆಯಾಗುತ್ತಿದೆ. ಒಂದು ಎಮ್ಮೆ ನನ್ನನ್ನು ದಾಟಿತು. ದಾಟಿ, ತಿರುಗಿ ನೋಡಿತು.

ಬಿ.ಎಸ್ಸಿ. ಎರಡನೇ ವರ್ಷವೂ ಬಂತು. “ಸರ್, ಆರಾಮ ಅದೀರಿಲ್ರಿ? ಡಬ್ಬಿ ಹಿಡಕೊಂಡು ಯಾವ ಆಸ್ಪತ್ರೆಗ್ರಿ?”

ಮಶಾಕಸಾಬರು ಅರ್ಧ ಕಿಲೋಮೀಟರು ಜೊತೆಗೇ ಬಂದರು. ಈ ವೇಗದಲ್ಲಿ ಮಾತಾಡಲು ಉಸಿರು ಬೇಕಾದಷ್ಟು ಉಳಿಯುತ್ತದೆ.

“ಇವತ್ತರೆ ಹೇಳ್ರಿ ಸಾಹೇಬ್ರ. ಯಾಕ ಓಡ್ತೀರಿ?”

“ಅಕ್ಕೋರ ಡಬ್ಬಿ ಮುಟ್ಟಸಾಕ ಹೊಂಟೇನ್ರಿ.”

“ಹಂಗ ಅನ್ರಿ ಮತ್ತ!” ಎಂದರು. ಮುಖದಿಂದ ಒಂದು ತಿಂಗಳ ಚಿಂತೆ ಇಳಿಯಿತು. “ನಾ ಏನೋ ತಲಿ ಕೆಟ್ಟೈತಿ ಅಂದಿದ್ದೆ.”

ತಂದವರು: 10ಕ್ಕೆ 7.

ಮಧ್ಯಾಹ್ನ ನಿದ್ದೆ ಬರಲಿಲ್ಲ. ಸ್ನೇಹಲಳ ಜೊತೆ ಕುಳಿತು ಡಬ್ಬಿಯ ಗುರೆಳ್ಳು ಚಟ್ನಿ, ರೊಟ್ಟಿ ತಿಂದೆ. ಅಕ್ಕೋರು ಹೇಗೆ ಕಾಣುತ್ತಾರೆ, ಯಾವ ಸೀರೆ, ಏನೆಂದರು ಎಂದೆಲ್ಲ ಕೇಳಿದಳು. ಹೇಳುತ್ತ ಹೇಳುತ್ತ ಸಂಜೆಯಾಯಿತು.

ಅಕ್ಟೋಬರ್ 8, ಬುಧವಾರ

ಜೋರು ಓಟ: 5:04! ಮೊನ್ನೆ ಗಾಂಧಿ ಚೌಕದಲ್ಲಿ ಕೊಂಡ ಹೊಸ ಬೂಟು. ಬೂಟೆಂದರೆ ಬೂಟು.

ಕಾರಣ: ಬೂಟು. (ಒಳ್ಳೆಯದಕ್ಕೆ ಕಾರಣ ಬರೆದದ್ದು ಇದೇ ಮೊದಲು.)

ಅಕ್ಟೋಬರ್ 12, ಭಾನುವಾರ

7:15. ಮೊಸರು. ತಂದವರು: 8.

ಮಧ್ಯಾಹ್ನ ಮತ್ತೆ ನಿದ್ದೆಯಿಲ್ಲ. ಅತಿಯಾದ ವ್ಯಾಯಾಮಕ್ಕೆ ನಿದ್ರಾನಾಶ ಒಂದು ಲಕ್ಷಣವೆಂದು ಎಲ್ಲೋ ಓದಿದ್ದೆ. ಡಾಕ್ಟರಿಗೆ ತೋರಿಸಬೇಕೇನೋ. ಸ್ನೇಹಲ, “ಏನೂ ಆಗಿಲ್ಲ, ಸುಮ್ಮನ ಕೂಡ್ರಿ, ಚಾ ಮಾಡ್ತೀನಿ,” ಎಂದಳು.

ಅಕ್ಟೋಬರ್ 26, ಭಾನುವಾರ

ದೀಪಾವಳಿಯ ಫರಾಳದಿಂದಾಗಿ ನನ್ನ ಹಾದಿಯೇ ಬದಲಾಯಿತು. ಕಳೆದ ವಾರ ಅಕ್ಕೋರು ಚಕ್ಕಲಿ, ಕರ್ಚಿಕಾಯಿಗಳ ಎರಡು ಪಾಲು ಫರಾಳ ಕಟ್ಟಿಕೊಟ್ಟಿದ್ದರು. ಒಂದು ನಮಗೆ. ಇನ್ನೊಂದು ಬಬಲೇಶ್ವರದ ನೂರಜಹಾನ ಅವರಿಗೆ. ಇಬ್ಬರೂ ಟಿಕೋಟಾ ಸಾಲಿಯಲ್ಲಿ ಇಪ್ಪತ್ತೆರಡು ವರ್ಷ ಕೂಡಿ ಕಲಿಸಿದವರು.

“ಬಬಲೇಶ್ವರ ಬ್ಯಾರೆ ದಿಕ್ಕಿಗದ ಅಕ್ಕೋರ,” ಎಂದಿದ್ದೆ.

“ಓಡೂದ ನಿಮ್ಮ ಕೆಲಸ. ದಿಕ್ಕಿನದೇನದ?” ಎಂದಿದ್ದರು.

ಹೀಗೆ ನನ್ನ ಭಾನುವಾರ ಇಪ್ಪತ್ತರಿಂದ ಇಪ್ಪತ್ತೈದು ಕಿಲೋಮೀಟರಿಗೇರಿತು. ಜಗತ್ತಿನ ಓಟಗಾರರಿಗೆ ತರಬೇತಿಯ ಪಟ್ಟಿಯನ್ನು ಕೋಚ್ ಮಾಡಿಕೊಡುತ್ತಾನೆ, ನನಗೆ ಕರ್ಚಿಕಾಯಿ ಮಾಡಿಕೊಡುತ್ತಿವೆ. ಡಬ್ಬಿಯಲ್ಲಿ ಮೊಸರಿರಲಿಲ್ಲ, ಆದರೂ ಹಿಡಿಕೆ ಕೈಗೆ ಬಂದೊಡನೆ ಕಾಲು ತಾನಾಗಿ ಏಳೂ ಕಾಲು ನಿಮಿಷಕ್ಕೆ ಇಳಿಯಿತು. ನಿಡೋಣಿಯ ಹತ್ತಿರ ಚಹಾ ಅಂಗಡಿಯವನೊಬ್ಬ, ನಾನು ಹಿಂದೆಂದೂ ಕಾಣದವನು, “ಡಬ್ಬಿ ಸರ್ ಬಂದ್ರು!” ಎಂದು ಕೂಗಿದ. ಮಶಾಕಸಾಬರ ಪ್ರಸಾರ ಆಕಾಶವಾಣಿಗಿಂತ ದೂರ ಮುಟ್ಟುತ್ತದೆ. ನಿಂತು ಚಹಾ ಕುಡಿದೆ. ವಾಚು ನಿಲ್ಲಿಸುವುದನ್ನು ಮರೆತೆ.

ನೂರಜಹಾನ ಅಕ್ಕೋರು ಡಬ್ಬಿಯನ್ನು ನೋಡಿದವರೇ ಒಳಗಿನ ಫರಾಳ ಬಿಟ್ಟು ಮುಚ್ಚಳ ಹಿಡಿದುಕೊಂಡರು.

“ಯಾ ಅಲ್ಲಾ! ಇದು ನನ್ನ ಮುಚ್ಚಳ ನೋಡ್ರಿ, ‘ನೂ’ ಐತಿ. ಸಾಲಿಯಾಗ ಊಟದ ಹೊತ್ತಿನ್ಯಾಗ ಅದಲಿ ಬದಲಿ ಆಗಿತ್ತು. ಭಾಗೀರಥಿದು ನನ್ನ ಕಡೆ ಐತಿ.” ಒಳಗಿಂದ ‘ಭಾ’ ಎಂದು ಕೊರೆದ ಮುಚ್ಚಳದ ಡಬ್ಬಿ ತಂದು ತೋರಿಸಿದರು.

“ಹಂಗಾರ ಬದಲಿ ಮಾಡಿಕೊಡ್ಲೇನ್ರಿ ಅಕ್ಕೋರ? ಇಬ್ಬರದೂ ಸರಿ ಆಕ್ಕೈತಿ.”

“ಬ್ಯಾಡಪ್ಪಾ! ಹದಿನೈದು ವರ್ಷದಿಂದ ಆಕಿ ಕೇಳಿಲ್ಲ, ನಾ ಕೊಟ್ಟಿಲ್ಲ. ಸರಿ ಆತಂದ್ರ ಯಾವ ನೆವದಾಗ ಭೆಟ್ಟಿ ಆಗೂದು?”

ಸ್ನೇಹಲಳಿಗೆ ಇದನ್ನು ಹೇಳಿದಾಗ ಅವಳು ನಗಲಿಲ್ಲ. ನಮ್ಮ ಕಪಾಟಿನಿಂದ ಒಂದು ಡಬ್ಬಿ ತೆಗೆದು ಅದರ ಮುಚ್ಚಳವನ್ನೇ ಬಹಳ ಹೊತ್ತು ನೋಡಿದಳು.

ನವೆಂಬರ್ 12, ಬುಧವಾರ

ಜೋರು ಓಟ: 4:49. ವಾರಕ್ಕೆ ಎಂಬತ್ತು ಕಿಲೋಮೀಟರು. ಈ ಬೂಟಿನ ಕಂಪನಿಗೆ ಪತ್ರ ಬರೆಯಬೇಕು.

ನವೆಂಬರ್ 26, ಬುಧವಾರ

ಹತ್ತು ಕಿಲೋಮೀಟರಿನ ಪರೀಕ್ಷೆ: 50:20. ಇನ್ನು ಇಪ್ಪತ್ತೇ ಸೆಕೆಂಡು!

ಆಮೇಲೆ ಅಂಗಡಿಯಲ್ಲಿ ಅಯೂಬ ವಾಚನ್ನು ಇನ್ನೂ ಎರಡು ಸಲ ನೋಡಿ, “ಖರೇ ಹೇಳಲೇ, ಭಾನುವಾರ ಎಷ್ಟ ಜೋರ ಓಡಾಕತ್ತಿ ಈಗ?” ಎಂದ.

ತಪ್ಪೊಪ್ಪಿಕೊಂಡೆ. “ಏಳೂ ಕಾಲು. ಮೊಸರು ಕುಲುಕತೈತಿ.”

ಟೈರುಗಳ ರಾಶಿಗೆ ಒರಗಿ ನಕ್ಕ. “ನಾ ಮೂರು ತಿಂಗಳ ಬಡಕೊಂಡೆ. ಆ ಅಕ್ಕೋರು ಒಂದು ಡಬ್ಬಿ ಮಸರಿನಾಗ ಕಲಿಸ್ಯಾರ. ಭಾನುವಾರ ಕಾಲು ಉಳಿಸಿದಿ, ಬುಧವಾರ ಗಳಿಸಿದಿ. ಈಗ ನೀ ಎಮ್ಮಿ ಅಲ್ಲಲೇ.”

ಅವನಿಗೆ ಟೈರು ಗೊತ್ತು, ಬೂಟು ಗೊತ್ತಿಲ್ಲ. ಎಡಪುಟದಲ್ಲಿ ಬೂಟು ಎಂದೇ ಬರೆದಿದ್ದೇನೆ.

ಡಿಸೆಂಬರ್ 7, ಭಾನುವಾರ

ಟಿಕೋಟಾ. ಮುಂದಿನ ವಾರ ಓಟವಿದೆ, ಬರುವುದಿಲ್ಲವೆಂದು ಅಕ್ಕೋರಿಗೆ ಹೇಳಿದೆ. ಸ್ನೇಹಲಳ ಪಂಥವನ್ನೂ ಹೇಳಿದೆ. “ಸೋತ್ರ ಮತ್ತ ಬರೂದಿಲ್ಲೇನ್ರಿ?” ಎಂದರು.

“ಪಂಥ ಅಂದ್ರ ಪಂಥರಿ ಅಕ್ಕೋರ.”

ಈ ಸಲ ಡಬ್ಬಿ ಕೊಡಲಿಲ್ಲ. “ಇಲ್ಲೇ ಇರಲಿ. ನಿಮ್ಮ ಮನಿಯಾಕಿ ಹೆಪ್ಪಿಲೆ ನಾನೂ ಒಮ್ಮೆ ಮಸರು ಹಾಕಿ ನೋಡ್ತೀನಿ.”

ಬಸ್ಸಿನಲ್ಲಿ ಕೈ ಖಾಲಿಯಿತ್ತು. ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಮನೆಯಲ್ಲಿ ಸ್ನೇಹಲಳೂ ನನ್ನ ಕೈಯನ್ನೇ ಮೊದಲು ನೋಡಿದಳು.

ಡಿಸೆಂಬರ್ 11, ಗುರುವಾರ

ಅಯೂಬನ ಅಪ್ಪಣೆ: ಈ ವಾರ ಅರ್ಧ ಓಟ. ಕಾಲುಗಳು ಕಟ್ಟಿಹಾಕಿದ ಕರುವಿನಂತೆ ಒದೆಯುತ್ತಿವೆ. ಪಾಠ ಮಾಡುವಾಗ ಬೋರ್ಡಿನ ಈ ತುದಿಯಿಂದ ಆ ತುದಿಗೆ ಓಡಿದೆನಂತೆ.

ಸ್ನೇಹಲ ಇಂದು ಊಟದ ನಡುವೆ ಕೇಳಿದಳು: “ಖರೇನೇ ಐವತ್ತರೊಳಗ ಬರ್ತೀರಿಲ್ಲ?” ಪಂಥ ಕಟ್ಟಿದವಳ ದನಿ ಹಾಗಿರುವುದಿಲ್ಲ. ಹುಷಾರಿರಲಿಲ್ಲವೇನೋ.

ಡಿಸೆಂಬರ್ 14, ಭಾನುವಾರ

ಬೆಳಿಗ್ಗೆ ಆರೂವರೆಗೆ ಓಟ ಶುರು. ಚಳಿ, ಗಾಳಿಯಿಲ್ಲ, ಎಡಪುಟಕ್ಕೆ ಒಂದೂ ನೆವವಿಲ್ಲದ ದಿನ. ಐದು ಕಿಲೋಮೀಟರಿಗೆ 24:50. ಎಂಟಕ್ಕೆ 39:40. ಕಾಲುಗಳು ಹಳೆಯ ಗೆಳೆಯರಂತೆ ಮರಳಿ ಬಂದಿದ್ದವು. ಮುಂದೆ ಗಾಂಧಿ ಚೌಕ. ಅಲ್ಲಿಂದ ಸ್ಟೇಡಿಯಂ ಎಂಟುನೂರು ಮೀಟರು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ: 49:40.

ಚೌಕದಲ್ಲಿ ಜನ. ಜನರ ಮುಂದೆ, ಮಶಾಕಸಾಬರ ಬೈಕಿನ ಪಕ್ಕ, ಭಾಗೀರಥೀಬಾಯಿ. ಕೈಯಲ್ಲಿ ಡಬ್ಬಿ.

“ಬಂದ್ರು! ಸರ ಬಂದ್ರು!” ಹಿಂದಿನ ಬೆಂಚಿಗೆ ಕೇಳುವ ಅದೇ ದನಿ. “ಸರ, ನಿಮ್ಮ ಮನಿಯಾಕಿ ಅಲ್ಲೇ ಇದ್ದಾರಂತಲ್ಲ ಸ್ಟೇಡಿಯಂದಾಗ? ಹೆಂಗಿದ್ರೂ ಆ ಕಡೆನ ಹೊಂಟೀರಿ, ಒಯ್ಯರಿ ಇದನ್ನ! ನಾ ರಿಕ್ಷಾದಾಗ ಬರ್ತೀನಿ, ರಿಕ್ಷಾದಾಗ ಕುಲುಕತದ!”

ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕೈ ಚಾಚಿತ್ತು. ಮೂವತ್ತು ವರ್ಷದ ಚಟ. ಹಿಡಿಕೆ ಅಂಗೈಗೆ ಬಂದು ಕುಳಿತದ್ದೇ ತಡ, ಕಾಲುಗಳು, ಈ ನಮಕಹರಾಮ ಕಾಲುಗಳು, ಡಬ್ಬಿಯ ನಡಿಗೆಗೆ ಇಳಿದವು. ಜೋರು ಮಾಡು ಎಂದೆ. ಒಳಗಿಂದ ‘ಡುಳುಕ್’ ಎಂದಿತು. ಮೆಲ್ಲಗಾದೆ. ಮತ್ತೆ ಜೋರು, ಮತ್ತೆ ಡುಳುಕ್. ನನ್ನ ಹಿಂದಿದ್ದವರು ಒಬ್ಬೊಬ್ಬರಾಗಿ ದಾಟಿದರು. ಒಬ್ಬಾತ ಡಬ್ಬಿ ನೋಡಿ, “ಅಂಕಲ್, ಊಟ ಮುಗಿಸಿಕೊಂಡು ಬರ್ರಿ,” ಎಂದ.

ಸ್ಟೇಡಿಯಮ್ಮಿನ ಗೇಟಿನಲ್ಲಿ ಅಯೂಬ ವಾಚು ಬೀಸುತ್ತ ಹಾರಾಡುತ್ತಿದ್ದ. “ಒಗೀಲೇ ಅದನ್ನ! ಹದಿನೈದು ಸೆಕೆಂಡ್ ಐತಿ! ಒಗಿ!”

ಬದಿಗೆ ಹುಲ್ಲಿತ್ತು. ಇಟ್ಟುಬಿಡಬಹುದಿತ್ತು. ಅಜ್ಜಿಯ ಕಾಲದ ಹೆಪ್ಪು ಅದು, ಟಿಕೋಟಾಕ್ಕೆ ಹೋಗಿ ಮೊದಲ ಸಲ ತವರಿಗೆ ಬರುತ್ತಿತ್ತು. ಬಲಗೈಯಿಂದ ಎಡಗೈಗೆ ತೆಗೆದುಕೊಂಡೆ, ಅಷ್ಟೇ.

50:11.

ಗೆರೆಯ ಆಚೆ ಸ್ನೇಹಲ ನಿಂತಿದ್ದಳು. ಗಡಿಯಾರ ನೋಡಲಿಲ್ಲ. ಡಬ್ಬಿ ತೆಗೆದುಕೊಂಡು ಮುಚ್ಚಳ ಎತ್ತಿದಳು. ಮೊಸರಿನ ಮೇಲೆ ಕೆನೆ ಹಾಸಿದಂತೆ ಹಾಗೇ ಕುಳಿತಿತ್ತು, ಒಂದು ಗೆರೆಯೂ ಇಲ್ಲದೆ.

“ಕೆನಿ ಒಡದಿಲ್ಲ,” ಎಂದಳು ಮೆಲ್ಲಗೆ. ಆಮೇಲೆ ಗಡಿಯಾರ ನೋಡಿದಳು. ಮುಖ ಸಣ್ಣದಾಯಿತು. “ಹನ್ನೊಂದು ಸೆಕೆಂಡು.”

“ಭಾನುವಾರ ನಿಂದು,” ಎಂದೆ.

ರಿಕ್ಷಾದಿಂದ ಇಳಿದು ಬಂದ ಅಕ್ಕೋರು ನಮ್ಮ ಮೂವರ ಮುಖ ನೋಡಿ, “ಯಾಕ್ರಿ? ನಾ ಏನರೆ ತಪ್ಪು ಮಾಡಿದೆನೇನು?” ಎಂದರು.

“ಇಲ್ರಿ ಅಕ್ಕೋರ,” ಎಂದಳು ಸ್ನೇಹಲ, ಅವರ ಕಾಲಿಗೆ ಬಗ್ಗುತ್ತ. ಮೂರು ತಿಂಗಳು ಚೀಟಿ ಬರೆದವರು ಮೊದಲ ಸಲ ಭೆಟ್ಟಿಯಾದರು. ಅಯೂಬ ಮಾತ್ರ ಡಬ್ಬಿಯನ್ನು ಕೊಲೆಗಾರನನ್ನು ನೋಡಿದಂತೆ ನೋಡುತ್ತಿದ್ದ. ಮಧ್ಯಾಹ್ನ ಎಲ್ಲರೂ ನಮ್ಮಲ್ಲೇ ಉಂಡರು. ಮೊಸರು ಅವನೇ ಮೂರು ಸಲ ಹಾಕಿಸಿಕೊಂಡ.

ಎಡಪುಟವನ್ನು ಖಾಲಿ ಬಿಟ್ಟಿದ್ದೇನೆ.

ಡಿಸೆಂಬರ್ 21, ಭಾನುವಾರ

ನಾಲ್ಕೂವರೆಗೇ ಎಚ್ಚರವಾಯಿತು. ಕೊಟ್ಟ ಮಾತು ನೆನಪಾಗಿ, ಕಣ್ಣು ಮುಚ್ಚಿ ಮಲಗಿದೆ. ಮಲಗಿರುವುದು ಇಪ್ಪತ್ತು ಕಿಲೋಮೀಟರಿಗಿಂತ ಕಷ್ಟ.

ಅಡಿಗೆಮನೆಯಲ್ಲಿ ದೀಪ ಹೊತ್ತಿತು. ಪಾತ್ರೆಯ ಸಪ್ಪಳ. ಆಮೇಲೆ ಬಾಗಿಲಲ್ಲಿ ಸ್ನೇಹಲ.

“ಅಹೋ, ಏಳ್ರಿ. ಎಷ್ಟೊತ್ತು ಸೋಗು ಹಾಕ್ತೀರಿ?”

“ಭಾನುವಾರ ನಿಂದು.”

“ನಂದ ಅದ. ಅದಕ್ಕ ಎಬ್ಬಸ್ಲಿಕತ್ತೀನಿ. ಅಕ್ಕೋರ ಡಬ್ಬಿ ನಮ್ಮ ಮನಿಯೊಳಗ ಉಳದದ. ಇಟ್ಕೊಳ್ಳಿಕ್ಕಾಗೂದಿಲ್ಲ, ಖಾಲಿ ಕಳಸಲಿಕ್ಕಾಗೂದಿಲ್ಲ.” ಹಿಡಿಕೆ ನನ್ನತ್ತ ಚಾಚಿದಳು. ಡಬ್ಬಿಯ ಮೇಲೆ ‘ಭಾ’. ಮುಚ್ಚಳದ ಮೇಲೆ ‘ನೂ’ ಇರಲಿಲ್ಲ, ‘ಸ್ನೇ’ ಇತ್ತು. “ಮುಚ್ಚಳ ಅದಲಿ ಬದಲಿ ಆಗ್ಯಾದ,” ಎಂದಳು, ಬೇರೆ ಎಲ್ಲೋ ನೋಡುತ್ತ. “ನೀವು ಮುಂದ ನಡೀರಿ. ನಾ ಆರೂವರಿ ಬಸ್ಸಿಗೆ ಬರ್ತೀನಿ.”

“ನೀನ ಬಸ್ಸಿನಾಗ ಬರ್ತಿ ಅಂದ್ರ ಡಬ್ಬಿ ನೀನ ತರಬಹುದಲ್ಲ?”

“ಬಸ್ಸಿನೊಳಗ ಕುಲುಕತದ.”

ಹದಿನೈದನೆಯ ಕಿಲೋಮೀಟರಿನ ಹತ್ತಿರ ಹಿಂದಿನಿಂದ ಹಾರ್ನ್ ಕೇಳಿಸಿತು. ಬಸ್ಸು ಪಕ್ಕಕ್ಕೆ ಬಂತು. ಕಿಟಕಿಯಿಂದ ತಲೆ ಹೊರಗೆ ಹಾಕಿದ ನನ್ನ ಹೆಂಡತಿ ಬಸ್ಸಿನ ಜನವೆಲ್ಲ ತಿರುಗುವಂತೆ ಕೂಗಿದಳು:

“ಅಹೋ! ಸಾವಕಾಶ! ಕೆನಿ!”

ಅವಳು ಟಿಕೋಟಾದಲ್ಲಿ ಕಾಯುತ್ತಾಳೆಂದು ಕಾಲುಗಳಿಗೆ ಭಾರಿ ಅವಸರವಾಗಿತ್ತು. ಡಬ್ಬಿಯನ್ನು ಕೈ ಬದಲಿಸಿ, ಡುಳುಕ್ ಎನ್ನದಂತೆ, ಬಸ್ಸಿನ ಧೂಳಿನ ಹಿಂದೆ ಮೆಲ್ಲಗೆ ಓಡಿದೆ.